ಮಾಳಿಗೆ ಮೇಲೆ ಹಾಕೋದಾದ್ರೆ 1968ರದ್ದೇ ಹಾಕಿ

ಅಣ್ಣಾರೆ, ವಿಜಯಪುರದಲ್ಲಿ ಮನೆ ಮಾಳಿಗೆ ಮೇಲೆ ನಿಮ್ಮ ಗೆಳೆಯರ ಬಳಗಕ್ಕೆ ಒಂದು ಹಾರರ್ ಸಿನಿಮಾ ತೋರಿಸಬೇಕು, ಅದರಲ್ಲಿ ಕಪ್ಪು-ಬಿಳಿ ಜನರ ನಡುವಿನ ತಿಕ್ಕಾಟ ಇರಬೇಕು, ಆಮೇಲೆ ಕೂತು ಮಾತಾಡುವಂತಿರಬೇಕು ಅಂತ ಕೇಳಿದ್ದೀರಿ. ಅದಕ್ಕೆ ಉತ್ತರವಾಗಿ ಎಲ್ಲರೂ ‘ಗೆಟ್ ಔಟ್’ (2017) ಅಂದಿದ್ದಾರೆ. ಒಳ್ಳೆಯ ಚಿತ್ರವೇ, ಅದರ ಚಿತ್ರಕಥೆಗೆ ಜೋರ್ಡನ್ ಪೀಲ್‌ಗೆ ಆಸ್ಕರ್ ಬಂತು. ಆದರೆ ಮೊದಲು ಜಾರ್ಜ್ ರೊಮೆರೊ ಮಾಡಿದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968) ಹಾಕಿ.

ಕಥೆ ಸರಳ. ಎದ್ದ ಹೆಣಗಳು ಮನುಷ್ಯರನ್ನು ತಿನ್ನುತ್ತಿವೆ. ಪೆನ್ಸಿಲ್ವೇನಿಯಾದ ಒಂದು ತೋಟದ ಮನೆಯಲ್ಲಿ ಏಳು ಜನ ಸಿಕ್ಕಿಹಾಕಿಕೊಂಡಿದ್ದಾರೆ. ಅವರಲ್ಲಿ ಬೆನ್ ಒಬ್ಬನೇ ಕಪ್ಪು ಮನುಷ್ಯ. ಮಜಾ ಅಂದರೆ ಅವನ ಬಣ್ಣದ ಬಗ್ಗೆ ಇಡೀ ಚಿತ್ರದಲ್ಲಿ ಯಾರೂ ಒಂದು ಮಾತೂ ಆಡುವುದಿಲ್ಲ. ಆ ಪಾತ್ರವನ್ನು ಕಪ್ಪು ನಟನಿಗೆ ಅಂತ ಬರೆದೇ ಇರಲಿಲ್ಲ. ಆಡಿಷನ್‌ನಲ್ಲಿ ಡ್ವೇನ್ ಜೋನ್ಸ್ ಚೆನ್ನಾಗಿ ಮಾಡಿದರು, ತೆಗೆದುಕೊಂಡರು, ಅಷ್ಟೇ. ಆದರೂ ಹ್ಯಾರಿ ಕೂಪರ್ ಎಂಬ ಬಿಳಿಯ ನೆಲಮಾಳಿಗೆಯಲ್ಲಿ ಅಡಗೋಣ ಅಂತ ಹಠ ಹಿಡಿದು, ಮೇಲೆಯೇ ಇರೋಣ ಅನ್ನುವ ಬೆನ್ ಮಾತು ಕೇಳಲು ಒಪ್ಪದೆ ಗುದ್ದಾಡುವಾಗ, ಇದು ಬರೀ ನೆಲಮಾಳಿಗೆಯ ಜಗಳ ಅಲ್ಲ ಅಂತ ನೋಡುವವರಿಗೆ ತಾನಾಗಿಯೇ ಅನಿಸುತ್ತದೆ. ಅದಕ್ಕೇ ಮೊದಲೇ ಭಾಷಣ ಮಾಡಬೇಡಿ.

(ಸಿನಿಮಾ ನೋಡದವರು ಈ ಪ್ಯಾರಾ ಬಿಟ್ಟುಬಿಡಿ.) ರಾತ್ರಿಯೆಲ್ಲ ಬದುಕಿ ಉಳಿಯುವವನು ಬೆನ್ ಒಬ್ಬನೇ. ಅದೂ ತಾನು ಬೇಡ ಅಂದಿದ್ದ ಅದೇ ನೆಲಮಾಳಿಗೆಯಲ್ಲಿ! ಬೆಳಿಗ್ಗೆ ಎದ್ದ ಹೆಣಗಳನ್ನು ಬೇಟೆಯಾಡುವ ಬಂದೂಕಿನ ಜನ ಬಂದ ಸದ್ದು ಕೇಳಿ ಮೇಲೆ ಬರುತ್ತಾನೆ. ಅವರು ಅವನನ್ನೂ ಎದ್ದ ಹೆಣ ಅಂದುಕೊಂಡು ದೂರದಿಂದಲೇ ಹೊಡೆದು ಹಾಕುತ್ತಾರೆ. ಆಮೇಲೆ ಬರುವುದು ಸ್ಥಿರಚಿತ್ರಗಳು: ಕೊಕ್ಕೆಗಳು, ಹೆಣ, ಸುಡುವ ರಾಶಿ. ಹಳೆಯ ಪೇಪರ್ ಫೋಟೋಗಳಂತೆ ಕಾಣುತ್ತವೆ. ದಯವಿಟ್ಟು ಹೆಸರುಗಳು ಬರಲು ಶುರುವಾಯಿತು ಅಂತ ಲೈಟ್ ಹಾಕಬೇಡಿ. ಅಮೆರಿಕದ ಕಪ್ಪು ಜನರ ಹಕ್ಕಿಗೆ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿದ್ದು ಅದೇ ವರ್ಷ ಏಪ್ರಿಲ್ 4ರಂದು, ಚಿತ್ರ ಬಂದಿದ್ದು ಅಕ್ಟೋಬರ್‌ನಲ್ಲಿ. ಇದನ್ನು ಮುಗಿದ ಮೇಲೆ ಹೇಳಿ.

ಮಾತು ಶುರು ಮಾಡಲು ಒಂದೇ ಪ್ರಶ್ನೆ ಸಾಕು: ನೆಲಮಾಳಿಗೆ ವಿಷಯದಲ್ಲಿ ಹ್ಯಾರಿ ಹೇಳಿದ್ದೇ ಸರಿ ಇತ್ತಲ್ವಾ? ಜನ ಎರಡು ಪಾರ್ಟಿ ಆಗಿಬಿಡುತ್ತಾರೆ.

ಇನ್ನು ಪ್ರಿಂಟ್. ಚಿತ್ರದ ಹೆಸರು ಬದಲಿಸುವಾಗ ಕಾಪಿರೈಟ್ ಸಾಲು ಬಿಟ್ಟುಹೋಗಿ ಅಮೆರಿಕದಲ್ಲಿ ಇದು ಯಾರ ಸ್ವತ್ತೂ ಅಲ್ಲದಂತಾಯಿತು. ಹಾಗಾಗಿ ಕೆಟ್ಟ ಪ್ರಿಂಟ್‌ಗಳೇ ಜಾಸ್ತಿ. 2016ರಲ್ಲಿ ಸರಿಪಡಿಸಿದ 4ಕೆ ಪ್ರತಿ ಹುಡುಕಿ. ಬಣ್ಣ ಬಳಿದಿದ್ದು ಬೇಡ. 30ನೇ ವರ್ಷದ ಆವೃತ್ತಿ ಅಂತ ಹೊಸ ದೃಶ್ಯ ತುರುಕಿದ್ದಂತೂ ಬೇಡವೇ ಬೇಡ. ಇಂಗ್ಲಿಷ್ ಸಬ್‌ಟೈಟಲ್ ಇರಲಿ, ಟಿವಿ-ರೇಡಿಯೋ ಸುದ್ದಿಯ ಮಾತು ತುಂಬಾ ಇದೆ. ಪರದೆ ಅಂತ ಬೆಡ್‌ಶೀಟ್ ಕಟ್ಟಿದರೆ ನಮ್ಮ ಕಡೆ ಗಾಳಿಗೆ ನಿಲ್ಲಲ್ಲ, ಸುಣ್ಣದ ಗೋಡೆಯೇ ಮೇಲು. ಸುಮಾರು 96 ನಿಮಿಷ, ಎಂಟಕ್ಕೆ ಶುರು ಮಾಡಿದರೆ ಮಾತಿಗೂ ಹೊತ್ತು ಸಿಗುತ್ತದೆ.

‘ಗೆಟ್ ಔಟ್’ ಮುಂದಿನ ಸಲಕ್ಕಿರಲಿ. ಅಲ್ಲಿ ಕಪ್ಪು ಹುಡುಗನನ್ನು ಬೈಯುವವರೇ ಇಲ್ಲ, ಎಲ್ಲರೂ ನಗುನಗುತ್ತಾ ಮಾತಾಡುತ್ತಾರೆ. ಬಾಡಿಗೆ ಮನೆ ಕೇಳಲು ಹೋದಾಗ ಚಹಾ ಕೊಟ್ಟು ‘ನೀವು ಯಾರ ಪೈಕಿ?’ ಅಂತ ಕೇಳುತ್ತಾರಲ್ಲ, ಆ ನಗು. ನಮ್ಮವರಿಗೆ ಬೇಗ ತಟ್ಟುತ್ತದೆ.

‘ನೈಟ್ ಆಫ್ ದಿ ಲಿವಿಂಗ್ ಡೆಡ್’ಗೆ ಸಣ್ಣ ಮಕ್ಕಳನ್ನು ಮಾತ್ರ ಕರೆಯಬೇಡಿ. ರಕ್ತಕ್ಕೆ ಬಳಸಿದ್ದು ಚಾಕೊಲೇಟ್ ಸಿರಪ್ ಅಂತ ಎಷ್ಟು ಹೇಳಿದರೂ, ಮಗಳು ತಾಯಿಯನ್ನು ಕೊಲ್ಲುವ ದೃಶ್ಯ ನೋಡಿದ ಮೇಲೆ ಅವು ಮಲಗಲ್ಲ.