ಮರಿಯಲ್ಲ, ಬಸುರಿ!

ಓದುಗರ ಪತ್ರ: ಹೋದ ಸಂಚಿಕೆಯಲ್ಲಿ ಅಂಗೈ ಮೇಲಿನ ಶಾರ್ಕ್ ಚಿತ್ರ ಹಾಕಿ ‘ಜಗತ್ತಿನ ಅತಿ ಚಿಕ್ಕ ಶಾರ್ಕ್’ ಎಂದಿದ್ದೀರಿ. ಮಲ್ಪೆ ಬಂದರಿನಲ್ಲಿ ಅಷ್ಟೇ ಉದ್ದದ ತಾಟೆ (ಶಾರ್ಕ್) ಮರಿಗಳನ್ನು ಬೇಕಾದಷ್ಟು ನೋಡಿದ್ದೇನೆ. ನಿಮ್ಮದೂ ಮರಿಯೇ ಅಲ್ವಾ?

ಸಂಪಾದಕರ ಉತ್ತರ: ಬಂದರು ಸುತ್ತಿದವರು ಕೇಳುವ ಪ್ರಶ್ನೆ ಇದು. ನಿಜ, ಬರೀ ಉದ್ದ ನೋಡಿ ಮರಿಯೋ ದೊಡ್ಡದೋ ಹೇಳಲಾಗದು. ಹೊಟ್ಟೆ ನೋಡಬೇಕು.

ಆ ಚಿತ್ರದಲ್ಲಿದ್ದದ್ದು ಕುಬ್ಜ ಲ್ಯಾಂಟರ್ನ್ ಶಾರ್ಕ್. ಅದರ ಊರು ಕೊಲಂಬಿಯಾ, ವೆನೆಜುವೆಲಾ ಕಡೆಯ ಕೆರಿಬಿಯನ್ ಸಮುದ್ರ. ಸಿಕ್ಕಿರುವುದು 283ರಿಂದ 439 ಮೀಟರ್ ಆಳದಲ್ಲಿ. 1985ರಲ್ಲಿ ಸ್ಟೀವರ್ಟ್ ಸ್ಪ್ರಿಂಗರ್ ಮತ್ತು ಜಾರ್ಜ್ ಬರ್ಜೆಸ್ ಇದನ್ನು ಹೊಸ ಜಾತಿ ಎಂದು ದಾಖಲಿಸಿದರು. ಶಾರ್ಕ್ ಸಂಶೋಧಕ ಪೆರಿ ಗಿಲ್ಬರ್ಟ್ ಅವರ ಹೆಸರನ್ನೇ ಇಟ್ಟರು.

ಮಕ್ಕಳ ಕಂಪಾಸ್ ಬಾಕ್ಸಿನಲ್ಲಿ 15 ಸೆಂ.ಮೀ. ಸ್ಕೇಲ್ ಇರುತ್ತದಲ್ಲ, ಅದನ್ನು ಕೈಗೆತ್ತಿಕೊಳ್ಳಿ. ಈ ಜಾತಿಯ ಹೆಣ್ಣು ಅದಕ್ಕಿಂತ ಅರ್ಧ ಸೆಂ.ಮೀ. ಉದ್ದವಾದರೆ ಸಾಕು, ಪ್ರಾಯಕ್ಕೆ ಬಂದ ಹಾಗೆ. 19–20 ಸೆಂ.ಮೀ. ಉದ್ದದವು ಬಸುರಿಯಾಗಿಯೇ ಸಿಕ್ಕಿವೆ. ಮೊಟ್ಟೆ ಹೊಟ್ಟೆಯೊಳಗೇ ಒಡೆದು, ಒಂದು ಸಲಕ್ಕೆ ಎರಡೋ ಮೂರೋ ಮರಿ ಹುಟ್ಟುತ್ತವೆ. ಒಂದೊಂದೂ ನಿಮ್ಮ ಕಿರುಬೆರಳಿನಷ್ಟು.

ಲ್ಯಾಂಟರ್ನ್ ಅನ್ನುವ ಹೆಸರು ಸುಮ್ನೆ ಬಂದದ್ದಲ್ಲ. ಇದರ ಹೊಟ್ಟೆಯಡಿ ಬೆಳಕು ಸೂಸುವ ಸಣ್ಣ ಸಣ್ಣ ಚುಕ್ಕೆಗಳಿವೆ. ಅಷ್ಟು ಆಳಕ್ಕೂ ಹಗಲಲ್ಲಿ ಮೇಲಿಂದ ಮಸುಕು ನೀಲಿ ಬೆಳಕು ಇಳಿಯುತ್ತದೆ. ಕೆಳಗಿನಿಂದ ನೋಡುವ ಬೇಟೆಗಾರನಿಗೆ ಮೀನು ಕಪ್ಪು ನೆರಳಾಗಿ ಕಾಣಬೇಕು. ಹೊಟ್ಟೆಯೇ ಅಷ್ಟೇ ಮಂದವಾಗಿ ಹೊಳೆದರೆ ನೆರಳೇ ಇಲ್ಲ! ದೀಪ ಹಚ್ಚಿಕೊಂಡು ಬಚ್ಚಿಟ್ಟುಕೊಳ್ಳುವುದು ಅಂದರೆ ಇದೇ. ಇದರ ಹತ್ತಿರದ ನೆಂಟ ಜಾತಿಯೊಂದರಲ್ಲಿ ಈ ಬೆಳಕನ್ನು ಹತ್ತಿಸಿ ಆರಿಸುವುದು ಹಾರ್ಮೋನುಗಳು ಎಂದು ಗೊತ್ತಾಗಿದೆ.

ಒಂದು ತಪ್ಪು ಮಾತ್ರ ಒಪ್ಪಿಕೊಳ್ಳಬೇಕು. ‘ಅತಿ ಚಿಕ್ಕ’ ಎಂದು ಅಷ್ಟು ಖಚಿತವಾಗಿ ಬರೆದದ್ದು ಜಾಸ್ತಿಯಾಯಿತು. ಮುಳ್ಳಿನ ಪಿಗ್ಮಿ ಶಾರ್ಕ್‌ನ ಗಂಡು 15 ಸೆಂ.ಮೀ.ಗೇ ಪ್ರಾಯಕ್ಕೆ ಬರುತ್ತದೆ. ಕೂದಲೆಳೆಯ ಪೈಪೋಟಿ. ‘ಅತಿ ಚಿಕ್ಕ ಶಾರ್ಕ್‌ಗಳಲ್ಲೊಂದು’ ಎಂದಿದ್ದರೆ ಸಾಕಿತ್ತು.

ಇನ್ನು ನಿಮ್ಮ ಮಲ್ಪೆಯ ಮರಿಗಳು. ನಮ್ಮ ಕಡೆಯ ಹಲವು ತಾಟೆಗಳಲ್ಲಿ ಮರಿ ಹೊಕ್ಕುಳಬಳ್ಳಿಯ ಮೂಲಕ ತಾಯಿಗೆ ಅಂಟಿಕೊಂಡೇ ಬೆಳೆಯುತ್ತದೆ. ಮುಂದಿನ ಸಲ ಬಂದರಿಗೆ ಹೋದಾಗ ಒಂದನ್ನು ಅಂಗಾತ ತಿರುಗಿಸಿ. ಎದೆಯ ಎರಡು ರೆಕ್ಕೆಗಳ ನಡುವೆ ಸಣ್ಣ ಹಸಿ ಗಾಯದಂಥ ಸೀಳು ಕಂಡರೆ ಅದು ಈಗಷ್ಟೇ ಹುಟ್ಟಿದ್ದು.