ಚೀಲ ನೋಡಲಿ, ಮೆರವಣಿಗೆ ಯಾಕೆ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ ಇದು. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರ ಉದ್ದ ಇದೆ, ಸಾರ ಇಷ್ಟು:

"ಎಪ್ಪತ್ತು ದಾಟಿದ ಅತ್ತೆಯವರನ್ನು ಅವರ ಮಗಳ ಮನೆಗೆ ವಿಮಾನದಲ್ಲಿ ಕರೆದುಕೊಂಡು ಹೋದೆ. ಸೆಕ್ಯುರಿಟಿಯಲ್ಲಿ ಅವರ ಕೈಚೀಲ ತೆಗೆಸಿದರು. ಎಲೆಅಡಿಕೆ ಸಂಚಿ, ಮಾತ್ರೆ, ಒಳಬಟ್ಟೆ, ದೊಡ್ಡವರು ಹಾಕುವ ಡೈಪರ್, ಎಲ್ಲ ಒಂದೊಂದಾಗಿ ಟ್ರೇಗೆ ಬಂತು. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಅಡಕತ್ತರಿ ಇಟ್ಟುಕೊಂಡರು, ಅದು ಹೋಗಲಿ. ಅತ್ತೆ ಮಾತ್ರ ವಿಮಾನ ಇಳಿಯುವ ತನಕ ಬಾಯಿ ಬಿಡಲಿಲ್ಲ. ಅದಕ್ಕೂ ಮೊದಲು ಬಾಗಿಲಲ್ಲೇ ಒಬ್ಬ ಹುಡುಗ 'ಬೇಗ ಆಗುತ್ತೆ ಅಮ್ಮಾ, ಇಲ್ಲಿ ನೋಡಿ' ಅಂತ ಇಬ್ಬರ ಮುಖವನ್ನೂ ಕ್ಯಾಮೆರಾಕ್ಕೆ ಹಿಡಿಸಿದ. ಇದೆಲ್ಲ ಸರಿಯಾ ಸಾರ್? ದುಡ್ಡು ಕೊಟ್ಟು ಹೋಗುವ ನಮಗೆ ಹಕ್ಕು ಅಂತ ಏನಾದರೂ ಇದೆಯಾ?"

ಸಂಪಾದಕರ ಉತ್ತರ:

ಇದೆ. ಆದರೆ ನೀವು ಅಂದುಕೊಂಡ ಜಾಗದಲ್ಲಿ ಸ್ವಲ್ಪ ಕಮ್ಮಿ, ನೀವು ಅಷ್ಟಾಗಿ ತಲೆ ಕೆಡಿಸಿಕೊಳ್ಳದ ಜಾಗದಲ್ಲಿ ಜಾಸ್ತಿ. ಘಟನೆ ಯಾವ ನಿಲ್ದಾಣದಲ್ಲಿ ನಡೆಯಿತು ಅಂತ ಬರೆದಿದ್ದೀರಿ. ಅದನ್ನು ಇಲ್ಲಿ ಹಾಕುತ್ತಿಲ್ಲ. ಒಂದು ಕಡೆಯ ಮಾತಷ್ಟೇ ನನ್ನ ಮುಂದಿರುವುದು.

ಮೊದಲು ಕೈಚೀಲದ ಮಾತು. ಚೀಲ ತೆಗೆದು ನೋಡುವ ಅಧಿಕಾರ ಅವರಿಗೆ ಇದ್ದೇ ಇದೆ. ವಿಮಾನ ಭದ್ರತೆಯ ನಿಯಮಗಳನ್ನು 2023ರಲ್ಲಿ ಹೊಸದಾಗಿ ಮಾಡಿದ್ದಾರೆ. ಅದಕ್ಕೆ ಮೊದಲು 2011ರದ್ದು ಇತ್ತು. ಎರಡರಲ್ಲೂ ತಾತ್ಪರ್ಯ ಒಂದೇ: ತಪಾಸಣೆಗೆ ಒಪ್ಪದವರು ವಿಮಾನ ಹತ್ತುವ ಹಾಗಿಲ್ಲ. ಈ ಬಿಗಿ ಸುಮ್ನೆ ಬಂದದ್ದಲ್ಲ. 1985ರ ಜೂನ್‌ನಲ್ಲಿ ಏರ್ ಇಂಡಿಯಾದ ಕನಿಷ್ಕ ವಿಮಾನ ಸಮುದ್ರದ ಮೇಲೆ ಸಿಡಿದು 329 ಜನ ಸತ್ತರು. ಬಾಂಬ್ ಇದ್ದ ಸೂಟ್‌ಕೇಸ್ ವಿಮಾನದಲ್ಲಿತ್ತು, ಅದನ್ನು ಕೊಟ್ಟವನು ವಿಮಾನ ಹತ್ತಿರಲೇ ಇಲ್ಲ. ಅದಾದ ಮೇಲೆ, 1987ರಲ್ಲಿ, ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ, ಅಂದರೆ ಬಿಸಿಎಎಸ್, ಪ್ರತ್ಯೇಕ ಇಲಾಖೆಯಾಯಿತು. 1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನವನ್ನು ಕಂದಹಾರ್‌ಗೆ ಅಪಹರಿಸಿದರು. ಮರುವರ್ಷದಿಂದ ಪೊಲೀಸರ ಕೈಲಿದ್ದ ಕಾವಲು ಒಂದೊಂದೇ ನಿಲ್ದಾಣದಲ್ಲಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ, ಅಂದರೆ ಸಿಐಎಸ್‌ಎಫ್‌ಗೆ ಹೋಯಿತು. ಹಾಗಾಗಿ "ನಾವೇನು ಕಳ್ಳರ ಹಾಗೆ ಕಾಣುತ್ತೇವಾ" ಅಂತ ನೀವು ಕೇಳಿದ ಪ್ರಶ್ನೆಯಲ್ಲಿ ಕೋಪ ಇದೆ, ನ್ಯಾಯ ಅಷ್ಟಿಲ್ಲ. ಯಾರು ಹೇಗೆ ಕಾಣುತ್ತಾರೆ ಅಂತ ನೋಡದೆ ಎಲ್ಲರನ್ನೂ ತಡವುವುದೇ ಅಲ್ಲಿನ ಕ್ರಮ.

ಎಕ್ಸ್‌ರೇ ಪರದೆಯ ಮುಂದೆ ಕೂತವರಿಗೆ ನಮ್ಮ ಚೀಲ ಬಣ್ಣದ ಗುಡ್ಡೆಯಾಗಿ ಕಾಣುತ್ತದೆ. ಬಟ್ಟೆ, ತಿಂಡಿ, ಅಡಿಕೆ, ಕಾಗದ ಎಲ್ಲ ಕಿತ್ತಳೆ. ಲೋಹ ನೀಲಿ. ಎರಡೂ ಬೆರೆತದ್ದು, ಮಧ್ಯಮ ಸಾಂದ್ರತೆಯದ್ದು ಹಸಿರು. ಕಿತ್ತಳೆ ಗುಡ್ಡೆಯ ನಡುವೆ ಎರಡು ಹಿಡಿಯ ನೀಲಿ ಆಕಾರ ಒಂದು ಕಂಡರೆ ಚೀಲ ಪಕ್ಕಕ್ಕೆ ಹೋಗದೆ ಇರುತ್ತದಾ? ನಿಮ್ಮ ಅತ್ತೆಯವರ ಅಡಕತ್ತರಿಯೇ ಇಷ್ಟಕ್ಕೆಲ್ಲ ಮೂಲ ಅಂತ ನನ್ನ ಊಹೆ. ನಮ್ಮ ಕಡೆಯ ಹಿರಿಯರಿಗೆ ಅದು ಕನ್ನಡಕ ಇದ್ದ ಹಾಗೆ, ಬಿಟ್ಟು ಹೊರಡಿ ಅಂದರೆ ಆಗುವುದಿಲ್ಲ. ಚೆಕ್-ಇನ್ ಲಗೇಜಿಗೆ ಹಾಕಿಬಿಡಿ, ರಗಳೆ ಇರುವುದಿಲ್ಲ.

ಆದರೆ ಅಡಕತ್ತರಿ ಸಿಕ್ಕ ಮೇಲೆ ಡೈಪರ್ ಯಾಕೆ ಮೇಲೆ ಬರಬೇಕಿತ್ತು? ಇಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಹುಡುಕಬೇಕಾದ ವಸ್ತು ಯಾವುದು ಅಂತ ಪರದೆಯಲ್ಲೇ ಗೊತ್ತಾಗಿರುತ್ತದೆ. ಅದನ್ನು ತೆಗೆದು, ಬೇಕಾದರೆ ಚೀಲವನ್ನು ಇನ್ನೊಮ್ಮೆ ಯಂತ್ರಕ್ಕೆ ಹಾಕಬಹುದು. ಇಡೀ ಚೀಲ ಬರಿದು ಮಾಡಲೇಬೇಕು ಅನ್ನಿಸಿದರೆ ಪಕ್ಕಕ್ಕೆ ಕರೆದು ಮಾಡಬಹುದು. ಇವು ಇಲ್ಲದ ಸೌಕರ್ಯಗಳೇನಲ್ಲ. ಹೆಂಗಸರನ್ನು ಹೆಂಗಸರೇ, ಪರದೆ ಕಟ್ಟಿದ ಗೂಡಿನೊಳಗೆ ತಡವಿ ನೋಡುತ್ತಾರೆ, ಅಲ್ವಾ? ಮೈಗೆ ಇರುವ ಮರ್ಯಾದೆ ಮೈಗೆ ಹಾಕುವ ಬಟ್ಟೆಗೂ ಬೇಕು. "ಪಕ್ಕಕ್ಕೆ ಬಂದು ತೋರಿಸುತ್ತೇವೆ, ಇಲ್ಲಿ ಬೇಡ" ಅಂತ ಮೊದಲ ವಸ್ತು ಹೊರಗೆ ಬರುವಾಗಲೇ ಹೇಳಿ. ಅಲ್ಲಿರುವವರು ಒಪ್ಪದಿದ್ದರೆ ಶಿಫ್ಟಿನ ಮೇಲಧಿಕಾರಿಯನ್ನು ಕರೆಯಿರಿ ಅನ್ನಿ. ಗಟ್ಟಿ ದನಿ ಬೇಡ, ಅಲ್ಲಿ ಜಗಳಕ್ಕೆ ಬೆಲೆ ಇಲ್ಲ. ಹಾಗಂತ ಕೈ ಮುಗಿದು ಕೇಳುವ ಉಪಕಾರವೂ ಅಲ್ಲ ಅದು.

ಈ ಹಕ್ಕಿಗೆ ಬುನಾದಿ ಹಾಕಿದ ಪ್ರಕರಣ ನಮ್ಮ ರಾಜ್ಯದವರದ್ದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಸರ್ಕಾರ ಅದರೊಳಗೆ ಕೈ ಹಾಕಬೇಕಾದರೆ ಕಾನೂನಿನ ಬೆಂಬಲ ಇರಬೇಕು, ಸರಿಯಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಮಾಡಬೇಕು. ನಿಮ್ಮ ವಿಷಯದಲ್ಲಿ ಕಾನೂನು ಇದೆ, ಉದ್ದೇಶವೂ ಇದೆ. ಎಡವಿದ್ದು ಮೂರನೆಯದರಲ್ಲಿ.

ಕೇಳಿದರೆ ಏನಾಗುತ್ತದೆ ಅನ್ನುವವರಿಗೆ ಒಂದೆರಡು ಸಂಗತಿ ಹೇಳುತ್ತೇನೆ. ನಟಿ, ನರ್ತಕಿ ಸುಧಾ ಚಂದ್ರನ್ ಅವರಿಗೆ ಕೃತಕ ಕಾಲು. ಪ್ರತಿ ಸಲವೂ ಕಾಲು ಬಿಚ್ಚಿ ತೋರಿಸಿ ಅನ್ನುತ್ತಾರೆ ಅಂತ 2021ರ ಅಕ್ಟೋಬರ್‌ನಲ್ಲಿ ಅವರು ವಿಡಿಯೊ ಮಾಡಿ ಹಾಕಿದರು. ಸಿಐಎಸ್‌ಎಫ್ ಬಹಿರಂಗವಾಗಿ ಕ್ಷಮೆ ಕೇಳಿತು. ಅವರು ಹೆಸರುವಾಸಿ, ನಮ್ಮ ಮಾತು ಯಾರು ಕೇಳುತ್ತಾರೆ ಅನ್ನಬಹುದು. ಹಾಗಾದರೆ ಅಯ್ಯಪ್ಪ ಮಾಲೆ ಹಾಕಿದವರ ಇರುಮುಡಿ ನೋಡಿ. ತೆಂಗಿನಕಾಯಿಯನ್ನು ಕ್ಯಾಬಿನ್ ಒಳಗೆ ಬಿಡುತ್ತಿರಲಿಲ್ಲ. ಭಕ್ತರು ಕೇಳುತ್ತಾ ಬಂದರು. 2024ರ ಅಕ್ಟೋಬರ್‌ನಲ್ಲಿ ಸಚಿವರೇ ಘೋಷಿಸಿ, ತಪಾಸಣೆ ಮಾಡಿ ಒಳಗೆ ಬಿಡಲು 2025ರ ಜನವರಿ 20ರವರೆಗೆ ಒಪ್ಪಿದರು. ಒಂದು ಕಾಯಿಗೆ ನಿಯಮ ಬಗ್ಗುತ್ತದೆ ಅಂದ ಮೇಲೆ ಒಬ್ಬ ಮುದುಕಿಯ ಮಾನಕ್ಕೆ ಬಗ್ಗಬಾರದಾ?

ಬಾಡಿ ಸ್ಕ್ಯಾನರ್ ಬಗ್ಗೆಯೂ ಒಂದು ಸಾಲು ಬರೆದಿದ್ದೀರಿ, ಬಟ್ಟೆಯೊಳಗೆ ಎಲ್ಲ ಕಾಣುತ್ತದಂತೆ ಅಂತ. ಆ ಭಯ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ಮೈಯ ಆಕಾರವನ್ನೇ ತೋರಿಸುತ್ತಿದ್ದ ಎಕ್ಸ್‌ರೇ ಯಂತ್ರಗಳನ್ನು ಜನರ ಗಲಾಟೆಯ ನಂತರ 2013ರಲ್ಲಿ ತೆಗೆದರು. ಈಗಿನ ಯಂತ್ರಗಳಲ್ಲಿ ಎಲ್ಲರಿಗೂ ಒಂದೇ ಗೊಂಬೆಯ ಚಿತ್ರ, ಅನುಮಾನ ಇರುವ ಜಾಗದಲ್ಲಿ ಒಂದು ಚೌಕ. ನನ್ನನ್ನು ಕೇಳಿದರೆ ಮೂರು ಸಲ ತಡವಿಸಿಕೊಳ್ಳುವುದಕ್ಕಿಂತ ಇದೇ ವಾಸಿ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮಾತ್ರ ಯಂತ್ರದ ಹತ್ತಿರ ಹೋಗುವ ಮೊದಲೇ ಹೇಳಿ, ಕೈಯಲ್ಲೇ ತಪಾಸಣೆ ಮಾಡಿಸಿಕೊಳ್ಳಲಿ.

ಇನ್ನು ಬಾಗಿಲ ಬಳಿಯ ಹುಡುಗ. ನಿಮ್ಮ ಪತ್ರದಲ್ಲಿ ಅವನಿಗೆ ಎರಡೇ ಸಾಲು. ನನಗೆ ಇಡೀ ಪತ್ರದಲ್ಲಿ ಜಾಸ್ತಿ ಕಳವಳ ಆದದ್ದು ಅಲ್ಲೇ. ಚೀಲದಲ್ಲಿ ಏನಿತ್ತು ಅಂತ ಆ ಸಿಬ್ಬಂದಿಗೆ ಸಂಜೆಗೆ ನೆನಪಿರುವುದಿಲ್ಲ. ಕ್ಯಾಮೆರಾಕ್ಕೆ ಕೊಟ್ಟ ಮುಖ ಹಾಗಲ್ಲ. ಪಾಸ್‌ವರ್ಡ್ ಹೋದರೆ ಬದಲಾಯಿಸಬಹುದು, ಮುಖ ಹೋದರೆ ಏನು ಮಾಡುತ್ತೀರಿ?

ಅವನು ಯಾರ ಕಡೆಯವನು, ಏನು ಮಾಡಿದ ಅಂತ ನಿಮಗೂ ಗೊತ್ತಿಲ್ಲ, ನಾನೂ ಊಹಿಸುವುದಿಲ್ಲ. ನಮ್ಮ ದೇಶದ ನಿಲ್ದಾಣಗಳಲ್ಲಿ ಮುಖ ನೋಡಿ ಒಳಗೆ ಬಿಡುವ ವ್ಯವಸ್ಥೆಯ ಹೆಸರು ಡಿಜಿ ಯಾತ್ರಾ. 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಯಲ್ಲಿ ಶುರುವಾಯಿತು. ಫೋನಿನಲ್ಲಿ ಆ್ಯಪ್ ಹಾಕಿ, ಆಧಾರ್ ಜೋಡಿಸಿ, ಒಂದು ಸೆಲ್ಫಿ ಕೊಟ್ಟರೆ ಗೇಟಿನ ಕ್ಯಾಮೆರಾ ನಿಮ್ಮ ಮುಖಕ್ಕೂ ಅದಕ್ಕೂ ಹೋಲಿಸಿ ಬಾಗಿಲು ತೆರೆಯುತ್ತದೆ. ಮಾಹಿತಿ ನಿಮ್ಮ ಫೋನಿನಲ್ಲೇ ಇರುತ್ತದೆ, ಹೊರಡುವ ನಿಲ್ದಾಣಕ್ಕೆ ಮಾತ್ರ ಹೋಗುತ್ತದೆ, ವಿಮಾನ ಹಾರಿದ 24 ಗಂಟೆಯೊಳಗೆ ಅಲ್ಲಿಂದ ಅಳಿಸುತ್ತೇವೆ ಅಂತ ಅವರ ಮಾತು. ಸಾಲು ಚಿಕ್ಕದಾಗುತ್ತದೆ ಅನ್ನುವುದು ನಿಜ. ಆದರೆ ನಡೆಸುತ್ತಿರುವುದು ಸರ್ಕಾರದ ಇಲಾಖೆ ಅಲ್ಲ, ಒಂದು ಕಂಪನಿ. ಅದರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು 26 ಶೇಕಡಾ, ಉಳಿದದ್ದು ಬೆಂಗಳೂರು, ದೆಹಲಿಯಂಥ ಐದು ನಿಲ್ದಾಣಗಳ ಕಂಪನಿಗಳದ್ದು. ಭದ್ರತೆಯ ಅಗತ್ಯ ಬಿದ್ದರೆ ಅಳಿಸುವ ಅವಧಿಯನ್ನು ಬದಲಾಯಿಸಬಹುದು ಅಂತಲೂ ಅದರ ನೀತಿಯಲ್ಲೇ ಬರೆದುಕೊಂಡಿದ್ದಾರೆ.

ಮುಖ್ಯ ಮಾತು, ಅದು ಕಡ್ಡಾಯ ಅಲ್ಲ. ಟಿಕೆಟ್ ಜೊತೆಗೆ ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್ ಥರದ ಒಂದು ಫೋಟೊ ಇರುವ ಕಾರ್ಡ್ ತೋರಿಸಿದರೆ ಸಾಕು. ಬೇಡ ಅಂದದ್ದಕ್ಕೆ ಯಾರೂ ತಡೆಯುವ ಹಾಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಅಂದರೆ ಹೇಗಿರಬೇಕು ಅಂತ ಬಿಡಿಸಿ ಹೇಳುತ್ತದೆ. ಒತ್ತಾಯ ಇರಬಾರದು. ಯಾವುದಕ್ಕೆ ಅಂತ ಗೊತ್ತಿರಬೇಕು. ಕೊಟ್ಟಷ್ಟೇ ಸುಲಭವಾಗಿ ವಾಪಸು ಪಡೆಯಲು ಆಗಬೇಕು. ಆ ವಿವರ ಕನ್ನಡದಲ್ಲಿ ಬೇಕು ಅಂದರೆ ಕನ್ನಡದಲ್ಲೇ ಕೊಡಬೇಕು. ಇದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಒಪ್ಪಿಗೆಯ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು. "ಬೇಗ ಆಗುತ್ತೆ ಅಮ್ಮಾ" ಅನ್ನುವುದು ಇದರಲ್ಲಿ ಯಾವ ಲೆಕ್ಕಕ್ಕೂ ಒಪ್ಪಿಗೆ ಅಲ್ಲ. ಸರ್ಕಾರ ತನ್ನ ಸಂಸ್ಥೆಗಳಿಗೆ ಈ ಕಾಯ್ದೆಯಿಂದ ವಿನಾಯಿತಿ ಕೊಡಬಹುದು ಅನ್ನುವ ದೊಡ್ಡ ತೂತು ಇದೆ, ಅದನ್ನೂ ಹೇಳಿಬಿಡಬೇಕು.

ಇದನ್ನು ಇಷ್ಟು ಉದ್ದ ಬರೆಯಲು ಕಾರಣ ಇದೆ. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ 2023ರ ಆಗಸ್ಟ್ 31ರಂದು ಪ್ರಯಾಣಿಕರ ವಿಮಾನ ಶುರುವಾಯಿತು. ಅಲ್ಲಿಯವರೆಗೆ ನಮ್ಮ ಮಲೆನಾಡಿನ ಹಿರಿಯರಿಗೆ ವಿಮಾನ ಅಂದರೆ ಮಕ್ಕಳು ಅಮೆರಿಕದಲ್ಲಿದ್ದವರ ಸಂಗತಿ. ಉಳಿದವರಿಗೆ ಬೆಂಗಳೂರಿನ ರಾತ್ರಿ ಬಸ್ಸು, ಇಲ್ಲವೇ ರೈಲು. ಈಗ ಹೊಸನಗರ, ಕೊಪ್ಪದ ಕಡೆಯಿಂದಲೂ ಸೀರೆ ಸೆರಗು ಹೊದ್ದುಕೊಂಡ ಅಜ್ಜಿಯರು ಮೊದಲ ಸಲ ಆ ಸಾಲಿನಲ್ಲಿ ನಿಲ್ಲುತ್ತಿದ್ದಾರೆ. ಯೂನಿಫಾರಂ ಹಾಕಿದವರು ಹೇಳಿದ್ದಕ್ಕೆಲ್ಲ ಹೂಂ ಅನ್ನುವುದು ಅವರ ಅಭ್ಯಾಸ. ಪಕ್ಕದಲ್ಲಿರುವ ಮಗನೋ ಸೊಸೆಯೋ ಬಾಯಿ ಬಿಡಬೇಕು.

ದೂರು ಕೊಡಬೇಕಾ ಅಂತ ಕೇಳಿದ್ದೀರಿ. ವಿಮಾನಯಾನ ಸಚಿವಾಲಯದ ಏರ್‌ಸೇವಾ ಅನ್ನುವ ದೂರಿನ ವೆಬ್‌ಸೈಟಿನಲ್ಲಿ ಕೊಡಬಹುದು. ದಿನಾಂಕ, ವಿಮಾನದ ನಂಬರ್, ಸುಮಾರು ಎಷ್ಟು ಹೊತ್ತಿಗೆ, ಯಾವ ಸಾಲಿನಲ್ಲಿ ಅಂತ ಬರೆಯಿರಿ. ಸಿಬ್ಬಂದಿಯನ್ನು ಬೈಯಬೇಡಿ. ಪಕ್ಕಕ್ಕೆ ಕರೆದು ನೋಡಬಹುದಿತ್ತು, ಯಾಕೆ ನೋಡಲಿಲ್ಲ ಅನ್ನುವ ಒಂದೇ ಪ್ರಶ್ನೆ ಕೇಳಿ. ಬೇಗ ಕೊಡಿ. ತಡ ಮಾಡಿದಷ್ಟೂ ಕ್ಯಾಮೆರಾದ ದೃಶ್ಯ ಸಿಗುವುದು ಕಷ್ಟ.

ಕೊಡುವ ಮೊದಲು ಅತ್ತೆಯವರನ್ನು ಒಂದು ಮಾತು ಕೇಳಿ. ಚೀಲ ಅವರದ್ದು. ದೂರಿನಲ್ಲಿ ಏನು ಬರೆಯಬಹುದು, ಏನು ಬರೆಯಬಾರದು ಅನ್ನುವುದೂ ಅವರದ್ದೇ. ನಿಮ್ಮ ಪತ್ರದಿಂದ ಎರಡು ವಿವರ ನಾನೇ ತೆಗೆದಿದ್ದೇನೆ, ಊರಿನವರಿಗೆ ಯಾರು ಅಂತ ಗೊತ್ತಾಗಿಬಿಡುತ್ತಿತ್ತು. ಬೇಡ ಬಿಡು ಅಂತ ಅವರು ಅಂದರೆ ಬಿಟ್ಟುಬಿಡಿ.

– ಸಂಪಾದಕ