ಗೆಸ್ಟ್ ವೈಫೈ ಲಾಗಿನ್ ಪುಟ ಲ್ಯಾಪ್‌ಟಾಪ್‌ನಲ್ಲಿ ಸರಿ ಬರುತ್ತದೆ, ಫೋನ್‌ನಲ್ಲಿ ಸರ್ಟಿಫಿಕೇಟ್ ಎರರ್ ಯಾಕೆ?

ಕಳೆದ ವಾರ ನಿಮ್ಮ ಲಾಡ್ಜ್‌ನ ವೈಫೈ ಕಂಟ್ರೋಲರ್‌ಗೆ (ವೈಫೈಯನ್ನು ನಿಯಂತ್ರಿಸುವ ಉಪಕರಣಕ್ಕೆ) ಹೊಸ ಸರ್ಟಿಫಿಕೇಟ್, ಅಂದರೆ ಲಾಗಿನ್ ಪುಟ ನಿಮ್ಮದೇ ಅಂತ ತೋರಿಸುವ ಫೈಲ್, ಹಾಕಿದಿರಿ. ಅಂದಿನಿಂದ ಆಂಡ್ರಾಯ್ಡ್ ಫೋನ್‌ಗಳಲ್ಲಿ ಲಾಗಿನ್ ಪುಟದ ಬದಲು ಎಚ್ಚರಿಕೆ ಬರುತ್ತಿದೆ. ಹಾಗಾಗಿ 'ಅಡ್ವಾನ್ಸ್ಡ್ ಒತ್ತಿ ಮುಂದೆ ಹೋಗಿ' ಅಂತ ರಿಸೆಪ್ಷನ್‌ನಲ್ಲಿ ಹೇಳಿಕೊಡುತ್ತಿದ್ದಾರೆ ಅಂತ ಬರೆದಿದ್ದೀರಿ.

ದಯವಿಟ್ಟು ಆ ಮಾತನ್ನು ಇವತ್ತೇ ನಿಲ್ಲಿಸಿ. ನಿಮ್ಮ ವೈಫೈ ಹೆಸರನ್ನೇ ಇಟ್ಟುಕೊಂಡು ಯಾರಾದರೂ ಪಕ್ಕದಲ್ಲಿ ಇನ್ನೊಂದು ನೆಟ್‌ವರ್ಕ್ ಹಾಕಬಹುದು. ನಿಮ್ಮದೇ ಥರದ ಪುಟ ತೋರಿಸಿ ಫೋನ್ ನಂಬರ್, ರೂಮ್ ನಂಬರ್ ಕೇಳಬಹುದು. ಆಗ ಅತಿಥಿಯನ್ನು ಕಾಯುವುದು ಆ ಎಚ್ಚರಿಕೆ ಒಂದೇ. ಅದನ್ನು ದಾಟಿ ಹೋಗುವ ಅಭ್ಯಾಸವನ್ನು ನಾವೇ ಮಾಡಿಸಬಾರದು ಅಲ್ವಾ?

ಈಗ ಒಂದು ಫೋನ್ ತೆಗೆದುಕೊಂಡು ಆ ಎಚ್ಚರಿಕೆಯನ್ನು ಪೂರ್ತಿ ಓದಿ. ಯಾವ ಸೈಟಿನ ಹೆಸರಿದೆ? ಗೂಗಲ್‌ನದೋ ಬ್ಯಾಂಕಿನದೋ ಇದ್ದರೆ, ಕಂಟ್ರೋಲರ್ ಎಚ್‌ಟಿಟಿಪಿಎಸ್ (ಸುರಕ್ಷಿತ) ಸಂಪರ್ಕವನ್ನು ಮಧ್ಯದಲ್ಲಿ ತಡೆದು ಲಾಗಿನ್ ಪುಟಕ್ಕೆ ತಿರುಗಿಸುತ್ತಿದೆ ಅಂತ ಅರ್ಥ. ಇದು ಯಾವ ಸರ್ಟಿಫಿಕೇಟ್ ಹಾಕಿದರೂ ಸರಿಹೋಗುವುದಿಲ್ಲ. ಗೂಗಲ್ ಹೆಸರಿನ ಸರ್ಟಿಫಿಕೇಟನ್ನು ನಿಮಗೆ ಯಾರು ಕೊಡುತ್ತಾರೆ? ಎಚ್‌ಎಸ್‌ಟಿಎಸ್, ಅಂದರೆ ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಬರಬೇಕು ಅನ್ನುವ ಕಟ್ಟಪ್ಪಣೆ, ಇರುವ ಸೈಟ್‌ಗಳಲ್ಲಂತೂ ಮುಂದೆ ಹೋಗುವ ದಾರಿಯನ್ನೇ ಬ್ರೌಸರ್ ಕೊಡುವುದಿಲ್ಲ. ಕಂಟ್ರೋಲರ್‌ನಲ್ಲಿ ಎಚ್‌ಟಿಟಿಪಿಎಸ್ ರೀಡೈರೆಕ್ಟ್ ಆಫ್ ಮಾಡಿ. ಫೋನ್‌ಗೆ ಅದರ ಅಗತ್ಯವೂ ಇಲ್ಲ. ವೈಫೈಗೆ ಸೇರಿದ ಕೂಡಲೇ ಫೋನ್ ತಾನೇ ಒಂದು ಮಾಮೂಲಿ ಎಚ್‌ಟಿಟಿಪಿ ವಿಳಾಸವನ್ನು ಕೇಳಿ ನೋಡುತ್ತದೆ. ಆಂಡ್ರಾಯ್ಡ್ 204 ಅನ್ನುವ ಖಾಲಿ ಉತ್ತರಕ್ಕೆ ಕಾಯುತ್ತದೆ, ಐಫೋನ್ 'ಸಕ್ಸೆಸ್' ಅನ್ನುವ ಪುಟಕ್ಕೆ. ಬೇರೇನೋ ಬಂದರೆ ಲಾಗಿನ್ ಕಿಟಕಿ ತೆರೆಯುತ್ತದೆ. ತೆರೆಯದೇ ಹೋದರೆ ಅತಿಥಿಗೆ ಬ್ರೌಸರ್‌ನಲ್ಲಿ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಹಾಕಲು ಹೇಳಿ.

ಎಚ್ಚರಿಕೆಯಲ್ಲಿ ನಿಮ್ಮ ಪೋರ್ಟಲ್ (ಲಾಗಿನ್ ಪುಟ) ಹೆಸರೇ ಇದ್ದರೆ, ತಪ್ಪು ಇರುವುದು ಸರ್ಟಿಫಿಕೇಟನ್ನು ಹಾಕಿದ ರೀತಿಯಲ್ಲಿ. ನೀವು ಹೇಳಿದ ಲಕ್ಷಣ ನೋಡಿದರೆ ನನ್ನ ಅನುಮಾನ ಇದರ ಮೇಲೇ. ನಾನು ನೋಡಿಕೊಳ್ಳುತ್ತಿದ್ದ ಒಂದು ಹಾಸ್ಟೆಲ್‌ನಲ್ಲೂ ಹೀಗೇ ಆಗಿತ್ತು. ಎರಡು ದಿನ ಸುಮ್ನೆ ಫೋನ್‌ಗಳನ್ನೇ ದೂರಿದೆ. ಕೊನೆಗೆ ನೋಡಿದರೆ ಸೈಟಿನ ಸರ್ಟಿಫಿಕೇಟನ್ನು ಫೋನ್ ಮೊದಲೇ ನಂಬುವ ರೂಟ್ (ಮೂಲ) ಸರ್ಟಿಫಿಕೇಟ್‌ಗೆ ಜೋಡಿಸುವ ಮಧ್ಯದ ಸರ್ಟಿಫಿಕೇಟ್, ಅಂದರೆ ಇಂಟರ್‌ಮೀಡಿಯೇಟ್, ಹಾಕೇ ಇರಲಿಲ್ಲ. ಲ್ಯಾಪ್‌ಟಾಪ್‌ಗಳು ಬೇರೆ ಸೈಟ್‌ಗಳಿಂದ ಮೊದಲೇ ಉಳಿಸಿಕೊಂಡಿದ್ದ ಪ್ರತಿಯಿಂದ ಸಂಭಾಳಿಸುತ್ತಿದ್ದವು. ಫೋನ್‌ನ ಲಾಗಿನ್ ಕಿಟಕಿಗೆ ಆ ಆಸರೆ ಇರಲಿಲ್ಲ. ಲಾಗಿನ್ ಆಗುವ ಮೊದಲು ನೆಟ್ ಇಲ್ಲದ್ದರಿಂದ ಹೊರಗಿನಿಂದ ತರಿಸಿಕೊಳ್ಳುವುದೂ ಸಾಧ್ಯವಿರಲಿಲ್ಲ.

ಪರೀಕ್ಷೆ ಸುಲಭ. ಗೆಸ್ಟ್ ವೈಫೈಗೆ ಸೇರಿ, ಪೋರ್ಟಲ್ ವಿಳಾಸಕ್ಕೆ ಓಪನ್‌ಎಸ್‌ಎಸ್‌ಎಲ್ ಅನ್ನುವ ಸಾಫ್ಟ್‌ವೇರ್‌ನ ಎಸ್-ಕ್ಲೈಂಟ್ ಕಮಾಂಡನ್ನು ಶೋಸರ್ಟ್ಸ್ ಆಯ್ಕೆಯ ಜೊತೆ (openssl s_client -showcerts) ಲ್ಯಾಪ್‌ಟಾಪ್‌ನಲ್ಲಿ ಓಡಿಸಿ. 'ಬಿಗಿನ್ ಸರ್ಟಿಫಿಕೇಟ್' ಒಂದೇ ಸಲ ಬಂದರೆ ಸರಪಳಿ ತುಂಡಾಗಿದೆ. ಒಂದೇ ಫೈಲಿನಲ್ಲಿ ಮೊದಲು ನಿಮ್ಮ ಸರ್ಟಿಫಿಕೇಟ್, ಅದರ ಕೆಳಗೆ ಇಂಟರ್‌ಮೀಡಿಯೇಟ್ ಅಂಟಿಸಿ ಮತ್ತೆ ಅಪ್‌ಲೋಡ್ ಮಾಡಿ. ರೂಟ್ ಬೇಡ, ಅದು ಫೋನ್‌ನಲ್ಲೇ ಇರುತ್ತದೆ.

ಇನ್ನೊಂದು ಸಾಧ್ಯತೆಯನ್ನೂ ನೋಡಿಬಿಡಿ. ವಿಳಾಸದಲ್ಲಿ ಹೆಸರಿನ ಬದಲು ಐಪಿ ಕಾಣುತ್ತಿದೆಯಾ? ಹಾಗಿದ್ದರೆ ಸರ್ಟಿಫಿಕೇಟ್‌ನಲ್ಲಿರುವ ಹೆಸರಿಗೂ ಅದಕ್ಕೂ ತಾಳೆ ಆಗುವುದಿಲ್ಲ. ಹಳೆಯ ಸಿಸ್ಕೋ ಕಂಟ್ರೋಲರ್‌ಗಳಲ್ಲಿ ಪೋರ್ಟಲ್‌ಗೆ 1.1.1.1 ಕೊಡುವ ರೂಢಿ ಇತ್ತು. 2018ರ ಏಪ್ರಿಲ್ 1ರಂದು ಕ್ಲೌಡ್‌ಫ್ಲೇರ್ ಅದೇ ವಿಳಾಸದಲ್ಲಿ ತನ್ನ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ಹುಡುಕಿಕೊಡುವ ಸೇವೆ) ಶುರು ಮಾಡಿತು. ನಿಮ್ಮಲ್ಲೂ ಅದೇ ಇದ್ದರೆ 192.0.2.1ಕ್ಕೆ ಬದಲಾಯಿಸಿ. ನಿಮ್ಮ ಡೊಮೇನಿನಲ್ಲೇ ಒಂದು ಹೆಸರು ಕೊಟ್ಟು, ಡಿಎನ್‌ಎಸ್‌ನಲ್ಲಿ ಅದನ್ನು ಆ ಐಪಿಗೆ ಜೋಡಿಸಿ.

ಎಲ್ಲೋ ಒಬ್ಬರ ಫೋನ್‌ನಲ್ಲಿ ಮಾತ್ರ ತೊಂದರೆ ಬಂದರೆ ಅದರ ತಾರೀಖು ನೋಡಿ, ಪ್ರೈವೇಟ್ ಡಿಎನ್‌ಎಸ್ ಆಫ್ ಮಾಡಿಸಿ.

ಮಾಡಿದ್ದನ್ನು ಒಂದು ಕಡೆ ಬರೆದಿಡಿ. ಸಾರ್ವಜನಿಕ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರಲ್ಲಿ 100, 2029ರಲ್ಲಿ 47 ದಿನ ಅಂತ ನಿಗದಿಯಾಗಿದೆ. ಈ ಕೆಲಸ ಪದೇ ಪದೇ ಬರುತ್ತದೆ. ಕಂಟ್ರೋಲರ್‌ನಲ್ಲಿ ತಾನಾಗೇ ನವೀಕರಿಸುವ ಸೌಲಭ್ಯ ಇದ್ದರೆ ಈಗಲೇ ಹೊಂದಿಸಿಕೊಳ್ಳಿ.

ಸರಿಪಡಿಸಿದ ಮೇಲೆ ನಿಮ್ಮ ಫೋನ್‌ನಲ್ಲಿ ಮಾತ್ರ ನೋಡಿ ಬಿಡಬೇಡಿ. ಇದುವರೆಗೆ ಆ ವೈಫೈಗೆ ಸೇರದ ಒಂದು ಹಳೆಯ ಆಂಡ್ರಾಯ್ಡ್‌ನಲ್ಲಿ ಪರೀಕ್ಷಿಸಿ. ಆಮೇಲೂ ಎರರ್ ಬಂದರೆ ಅದರ ಪೂರ್ತಿ ಸಾಲನ್ನು ಇಲ್ಲಿ ಹಾಕಿ, ನೋಡುತ್ತೇನೆ.